ಅಂದಾಜು ಮೀರಿದ ಹುಡುಗಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅತಿಥಿಗಳೇ, ಮೂವತ್ತು ವರ್ಷ ನನ್ನನ್ನು ಸಹಿಸಿಕೊಂಡ ದಾದಿಯರೇ, ಊಟಕ್ಕೆ ಹೊತ್ತಾಯಿತೆಂದು ಗಡಿಯಾರ ನೋಡುತ್ತಿರುವ ಸಭಿಕರೇ,

ನಿರೂಪಕರು ಈಗಷ್ಟೇ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿದರು. ಗುಣವಾಗದ ಕಾಯಿಲೆಯ ಮಕ್ಕಳಿಗೆ ಇನ್ನೆಷ್ಟು ದಿನ ಎಂದು ನಾನು ಹೇಳಿದ್ದು ಹತ್ತರಲ್ಲಿ ಒಂಬತ್ತು ಸಲ ನಿಜವಾಯಿತಂತೆ. ನಿಜವಾಯಿತು ಎಂದರೇನು, ಸ್ವಾಮಿ? ಮಗು ಹೋಯಿತು ಎಂದರ್ಥ. ಅದಕ್ಕೆ ನೀವು ಚಪ್ಪಾಳೆ ತಟ್ಟಿದಿರಿ, ನಾನೂ ಕೈಮುಗಿದೆ.

ಆ ಲೆಕ್ಕದಿಂದ ನಾನು ಕೈಬಿಟ್ಟ ಮಗುವೊಂದಿದೆ. ‘ದಾಖಲೆ ಅಪೂರ್ಣ’ ಎಂದು ಷರಾ ಬರೆದು ಬಿಟ್ಟೆ. ಏಳು ವರ್ಷದ ಹುಡುಗಿ, ಮಿದುಳಿನಲ್ಲಿ ಗಡ್ಡೆ. ಔಷಧಿ ಚೀಟಿಯಲ್ಲಿ ನಮ್ಮ ಕಾಗುಣಿತ ತಿದ್ದುತ್ತಿದ್ದಳೆಂದು ದಾದಿಯರು ಅವಳನ್ನು ಹೆಡ್ಮಿಸ್ಸು ಎನ್ನುತ್ತಿದ್ದರು. ಅಪ್ಪ ಬಸ್ ಚಾಲಕ. ತಾಯಿ ಇರಲಿಲ್ಲ, ಅಜ್ಜಿ ನೋಡಿಕೊಳ್ಳುತ್ತಿದ್ದರು. ಇನ್ನು ಎರಡೇ ವಾರ, ಜೊತೆಗಿರಿ ಎಂದೆ. ಅಪ್ಪ ಇದ್ದಬದ್ದ ರಜೆಯನ್ನೆಲ್ಲ ಹಾಕಿ ಮಂಚದ ಪಕ್ಕ ಕೂತರು. ನೆಂಟರು ಬಂದು ಅತ್ತು ಹೋದರು. ಎರಡು ವಾರ ಕಳೆಯಿತು, ಎರಡು ತಿಂಗಳೂ ಕಳೆಯಿತು. ರಜೆ ಮುಗಿದು ಅಪ್ಪ ಮತ್ತೆ ಸ್ಟೀರಿಂಗ್ ಹಿಡಿದರು.

ನನಗೆ ಸಂತೋಷವಾಗಬೇಕಿತ್ತಲ್ಲವೇ? ಆಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಿಟ್ಟು ಬಂತು. ನಿಮ್ಮ ಎರಡು ವಾರ ಹೇಗಿದೆ ಎಂದು ಸಹೋದ್ಯೋಗಿಗಳು ಕಿಚಾಯಿಸುತ್ತಿದ್ದರು. ಆ ಕೋಣೆಗೆ ಕಿರಿಯ ವೈದ್ಯರನ್ನು ಕಳಿಸತೊಡಗಿದೆ. ನನಗೆ ಪುರುಸೊತ್ತೆಲ್ಲಿ? ಯಾವ ಮಗುವಿಗೆ ಎಷ್ಟು ದಿನ ಎಂದು, ಇವತ್ತು ನೀವು ಸನ್ಮಾನಿಸುತ್ತಿರುವ ಅಂದಾಜಿನ ಪಟ್ಟಿಯನ್ನು ಬರೆಯುತ್ತಿದ್ದೆ.

ಒಂದು ಬೆಳಿಗ್ಗೆ ಆ ಅಪ್ಪ ಕಾರಿಡಾರಿನಲ್ಲಿ ನನ್ನನ್ನು ತಡೆದು, ನಿನ್ನೆಯಿಂದ ಮಗಳು ಮಂಕಾಗಿದ್ದಾಳೆ, ಡ್ಯೂಟಿಗೆ ಹೋಗಲೋ ಬೇಡವೋ ಎಂದು ಕೇಳಿದರು. ನಮ್ಮಲ್ಲೊಂದು ಮಾತಿದೆ, ‘ಪರವಾಗಿಲ್ಲ’. ಚೆನ್ನಾಗಿದೆ ಎಂದೂ ಅಲ್ಲ, ಕೆಟ್ಟಿದೆ ಎಂದೂ ಅಲ್ಲ. ಎರಡು ವಾರ ಎಂದು ಕೈ ಸುಟ್ಟುಕೊಂಡ ಮೇಲೆ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ.

“ಪರವಾಗಿಲ್ಲ, ಹೋಗ್ಬನ್ನಿ” ಎಂದೆ.

ಮಧ್ಯಾಹ್ನ ಹುಡುಗಿ, ಅಪ್ಪ ಎಲ್ಲಿ ಎಂದು ಅಜ್ಜಿಯನ್ನು ಎರಡು ಸಲ ಕೇಳಿ ಕಣ್ಣು ಮುಚ್ಚಿದಳು. ಸುದ್ದಿ ತಲುಪಿದಾಗ ಅಪ್ಪನ ಬಸ್ಸಿನಲ್ಲಿ ಐವತ್ತು ಜನರಿದ್ದರು. ಅವರನ್ನೆಲ್ಲ ಇಳಿಸಿಯೇ ಅವರು ಬಂದದ್ದು.

ಕೂಗಾಡಲಿಲ್ಲ. ಸಮವಸ್ತ್ರದಲ್ಲೇ ನಿಂತು ಒಂದೇ ಮಾತು ಕೇಳಿದರು.

“ಡಾಕ್ಟ್ರೇ, ಬೆಳಿಗ್ಗೆ ನೀವು ಅವಳನ್ನ ನೋಡಿ ಹೇಳಿದ್ರಾ?”

“ನೋಡೇ ಹೇಳಿದ್ದು.”

“ಹಾಗಾದ್ರೆ ಸರಿ” ಎಂದು ನನಗೇ ಕೈಮುಗಿದರು.

ನಾನು ಆ ಕೋಣೆಯ ಬಾಗಿಲು ತೆರೆದು ಆಗ ಆರು ದಿನವಾಗಿತ್ತು.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ಅದಕ್ಕೆ ಋಣಿ. ನಮಸ್ಕಾರ.