ಮ್ಯೂನಿಕ್‌ನಿಂದ ಮ್ಯಾಡ್ರಿಡ್‌ಗೆ ಫಿರ್ದೋಸ್ ಒಯ್ದ ಪೆಟ್ಟಿಗೆ

ವಾಡಿ ಜಂಕ್ಷನ್ನಿನಲ್ಲಿ ನಾಲವಾರದ ರೈಲಿಗೆ ಕಾಯುತ್ತಿದ್ದೆ. ಅದೇ ಬೆಂಚಿನ ಮೇಲೆ ಅಮೃತಮ್ಮ, ಆಶಾಬಿ ಎಂಬಿಬ್ಬರು ಮಾತಾಡುತ್ತಿದ್ದರು. ಆಶಾಬಿಯ ಮಗಳು ಫಿರ್ದೋಸ್ ಜರ್ಮನಿಯ ಮ್ಯೂನಿಕ್‌ನಲ್ಲಿ ನರ್ಸ್ ಎಂಬುದು ಮಾತಿನಿಂದಲೇ ತಿಳಿಯಿತು.

“ಆಕಿ ಪೆಟ್ಟಿಗಿ ಒಯ್ದ ಊರು ಎಷ್ಟು ದೂರ ಅದ, ಆಶಾಬಿ?”

“ಮ್ಯಾಡ್ರಿಡ್ ಏನ್ರಿ? ಹದಿನೈದುನೂರು ಕಿಲೋಮೀಟರ್ ಅಂತ. ಹೆಚ್ಚುಕಮ್ಮಿ ಇಲ್ಲಿಂದ ದಿಲ್ಲಿಗಿ ಹೋದಂಗ. ವಿಮಾನದಾಗ ಎರಡೂವರಿ ತಾಸು.”

“ಪೆಟ್ಟಿಗ್ಯಾಗ ಏನಿತ್ತು?”

“ಯಾರೋ ಪುಣ್ಯಾತ್ಮರು ದಾನ ಮಾಡಿದ ರಕ್ತದ ಜೀವಕೋಶ. ಅಲ್ಲಿ ದವಾಖಾನ್ಯಾಗ ಒಂದು ಕೂಸಿಗಿ ರಕ್ತದ ಕ್ಯಾನ್ಸರ್. ಇದು ಮುಟ್ಟಿದ್ರನೇ ಕೂಸು ಉಳೀತದ ಅಂದಿದ್ರಂತ.”

“ಒಬ್ಬಾಕಿನೇ ಒಯ್ದಳಾ?”

“ಹೌದ್ರಿ ಅಕ್ಕಾ. ಮಂಜು ಬಿದ್ದು ಆಕಿ ವಿಮಾನ ರದ್ದಾತು. ಅವರಿವರನ್ನ ಕೇಳಿ, ಜಗಳಾಡಿ, ಬ್ಯಾರೆ ವಿಮಾನ ಹಿಡದಾಳ. ಇಳಿಯೂ ತನಕ ಪೆಟ್ಟಿಗಿ ತೊಡಿ ಮ್ಯಾಲಿಂದ ತಗದಿಲ್ಲ. ಹನಿ ನೀರು ಕುಡದಿಲ್ಲ.”

“ನೀರ್ಯಾಕ ಕುಡೀಲಿಲ್ಲ?”

“ಕುಡದ್ರ ಎದ್ದು ಹೋಗಬೇಕಾಗ್ತದಲ್ರಿ!”

ಅಮೃತಮ್ಮ ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು.

“ಕೂಸು ಹ್ಯಾಂಗದ?”

“ಈಗ ಆರಾಮ ಅದಂತ. ಹೆಸರು ಮಾತ್ರ ಹೇಳಂಗಿಲ್ಲಂತ. ಗಂಡೋ ಹೆಣ್ಣೋ ಫಿರ್ದೋಸ್‌ಗೂ ಗೊತ್ತಿಲ್ಲ.”

“ಹೆಸರೂ ಗೊತ್ತಿಲ್ಲದ ಕೂಸಿಗಾಗಿ ಇಷ್ಟು ಬಡದಾಡ್ಯಾಳಲ್ಲವಾ!”

ರೈಲು ಬಂತು. ಆಶಾಬಿ ತನ್ನ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅಮೃತಮ್ಮ ಅದನ್ನು ಎತ್ತಿಕೊಂಡುಬಿಟ್ಟರು.

“ಬ್ಯಾಡ್ರಿ ಅಕ್ಕಾ, ಭಾಳ ವಜ್ಜೆ ಅದ.”

“ಇರಲಿ ಬಿಡು. ಅಂಥಾ ಮಗಳನ್ನ ಹಡದಾಕಿ ನೀ. ಇವತ್ತು ಕೈ ಬೀಸಿಕೊಂಡು ನಡಿ.”

ಇಬ್ಬರೂ ರೈಲಿನ ಡಬ್ಬಿಯತ್ತ ನಡೆದರು.