ದೋಟಿಗಿ ಕಟ್ಟಿದ ಬನ್ನಿ

ಬ್ಯಾಡ, ಬ್ಯಾಡ, ಆ ಕಿಡಕಿ ಹಾಕಬ್ಯಾಡವಾ ಚಿನ್ನವ್ವಾ, ತೆರದ ಇರ್ಲಿ. ಗುಂಗಾಡಿ ಕಡೀತಾವಂತ? ಕಡೀಲಿ ಬಿಡು, ನಾಳೆ ದಸರಾ, ಅವಕ್ಕೂ ಹಬ್ಬ, ಒಂದ ತೊಟ್ಟ ರಕ್ತಾ ಕುಡದ ಹೋಗ್ಲಿ. ನಿಮ್ಮವ್ವ ದಿನಾ ಬೈತಾಳ, 'ಮಾವಾರ, ಪೀರನವಾಡಿ ಗುಂಗಾಡಿ ಎಲ್ಲಾ ನಿಮ್ಮ ಖೋಲ್ಯಾಗ ಬಂದ ಕುಂತಾವ' ಅಂತ. ಬೈಲಿ. ಐದ ವರ್ಷಾತು ಈ ಕಿಡಕಿ ಹಾಕಿಲ್ಲ ನಾ, ಮಳಿ ಸಿಡದ ಹಾಸಗಿ ತೊಯ್ದ್ರೂ ಹಾಕಿಲ್ಲ. ಯಾಕ ಅಂದ್ರ... ಕುಂದರ್ರಿ ಅಕ್ಕಾ-ತಂಗಿ ಇಬ್ರೂ, ಹೇಳ್ತೀನಿ. ಬನ್ನಿ ಎಲಿ ಬಿಡಸ್ಕೋತ ಕೇಳ್ರಿ, ಕೈ ನಿಲ್ಲಬಾರ್ದು. ಮುಳ್ಳ ಇರ್ತಾವ, ಹುಷಾರಿ.

ಅದು ಕೊರೊನಾ ವರ್ಷ. ಮೊದಲನೇ ವರ್ಷ, ಎರಡನೇದ್ದಲ್ಲ. ಎರಡನೇ ವರ್ಷದ್ದು ಬ್ಯಾರೆ ಕಥಿ, ಅದನ್ನ ಹಬ್ಬದ ಮುಂದ ತಗಿಯೂದ ಬ್ಯಾಡ. ಎದರ ಮನಿ ಜಿನ್ನಪ್ಪಜ್ಜ ಗೊತ್ತಲ್ಲ, ಖಾರದ ಗಿರಣಿ ಅಜ್ಜ? ನಾ ಮಚ್ಛೆದಾಗ ಕಾರಖಾನಿಗಿ ಸೇರಿ ಲೇಥ್ ಮಶೀನ ಮ್ಯಾಲ ದುಡ್ಯಾಕತ್ತಿದಾಗ ಇಲ್ಲೆ ಮನಿ ಮಾಡಿದ್ನಿ. ಅವತ್ತಿಂದ ಅಂವಾ ಆ ಕಡೆ, ನಾ ಈ ಕಡೆ, ನಡುವ ಒಂದ ಗಾಡಿ ಹೋಗೂವಷ್ಟ ಓಣಿ. ಮೂವತ್ತ ವರ್ಷ ಅಂವಾ ಮೆಣಸಿನಕಾಯಿ ಕುಟ್ಟ್ಯಾನ, ಮೂವತ್ತ ವರ್ಷ ಕೆಮ್ಮ್ಯಾನ. ಮುಂಜಾನೆ ಅವನ ಕೆಮ್ಮ ಕೇಳಿದ ಮ್ಯಾಲನ ನಾ ಹಾಸಗಿ ಬಿಟ್ಟ ಏಳಾಂವ, ಗಡಿಯಾರ ಬೇಕಾಗಿರ್ಲಿಲ್ಲ ನೋಡ್ರಿ. ಗಿರಣಿ ಸಪ್ಪಳಕ್ಕ ಕಿವಿನೂ ಮಂದ ಅವಂದು. ಈ ಕಿವಿ ಮಾತ ಲಕ್ಷದಾಗ ಇಟ್ಕೋರಿ, ಮುಂದ ಬರ್ತೈತಿ.

ಅವರು ಜೈನ ಮಂದಿ, ನಾವು ಬಸವಣ್ಣನ ಮಂದಿ. ಅವರಲ್ಲಿ ಒಂದ ಪದ್ಧತಿ ಐತಿ, ಬಾಳ ಛಲೋ ಪದ್ಧತಿ. ಭಾದ್ರಪದದಾಗ ಹತ್ತ ದಿನ ಉಪಾಸ, ಪೂಜಿ ಎಲ್ಲಾ ಮುಗದ ಮ್ಯಾಲ ಮನಿ ಮನಿಗಿ ಹೋಗಿ ಕೈ ಮುಗದ ಕ್ಷಮಾ ಕೇಳ್ತಾರ. ಜಿನ್ನಪ್ಪ ಹೊಸ್ತಿಲದಾಗ ನಿಂತ, ಹಿಂಗ ಬಗ್ಗಿ, 'ಬಸಣ್ಣಾ, ವರ್ಷದಾಗ ಗೊತ್ತಿದ್ದೋ ಗೊತ್ತಿಲ್ಲದನೋ ನನ್ನಿಂದ ಏನರೆ ತಪ್ಪ ಆಗಿದ್ರ ಕ್ಷಮಾ ಮಾಡಪಾ' ಅಂತಿದ್ದ. ನಾ ಕುರ್ಚಿ ಮ್ಯಾಲ ಕಾಲಮ್ಯಾಲ ಕಾಲ ಹಾಕ್ಕೊಂಡ, ರಾಜಾ ಇದ್ದಂಗ, 'ಮಾಡೀನಿ ಹೋಗು, ಚಾ ಕುಡಿ' ಅಂತಿದ್ನಿ. ಮುಂದ ದಸರಾಕ್ಕ ನನ್ನ ಪಾಳಿ. ನನ್ನ ಹುಟ್ಟೂರ ಬೀಡ್ಯಾಗ ನಮ್ಮ ತಮ್ಮನ ಹೊಲದ ಬದುವಿನ್ಯಾಗ ಬನ್ನಿ ಗಿಡಾ ಐತಲ್ಲ, ಇಬ್ರೂ ಕೂಡಿ ನನ್ನ ಸ್ಕೂಟರ್ ಮ್ಯಾಲ ಖಾನಾಪುರ ದಾಟಿ ಬೀಡಿಗಿ ಹೋಗಿ ಬನ್ನಿ ಮುರಕೊಂಡ ಬರ್ತಿದ್ವಿ. ಪ್ಯಾಟ್ಯಾಗ ಸಿಗ್ತಾವ ಎಲಿ, ಸಿಗೂದಿಲ್ಲ ಅನ್ನೂದಿಲ್ಲ, ಖರೆ ನಮಗ ಬೀಡಿ ಬನ್ನೀನ ಆಗಬೇಕು. ಸಂಜಿಮುಂದ ನಾ ಅವನ ಮನಿಗಿ ಹೋಗಿ ಅವನ ಅಂಗೈಯಾಗ ಎಲಿ ಇಟ್ಟ, 'ಬನ್ನಿ ತಗೊಂಡ ಬಂಗಾರದಂಗ ಇರೂಣು' ಅಂತಿದ್ನಿ. ವರ್ಷದಾಗ ಎಷ್ಟ ಜಗಳಾಡಿದ್ರೂ, ಬನ್ನಿ ಕೈಯಾಗ ಬಿದ್ದ ಮ್ಯಾಲ ಮಾತ ಬಿಡೂಹಂಗಿಲ್ಲ. ಖರೆ ಒಂದ ನೋಡ್ರಿ, ಕ್ಷಮಾ ಕೇಳಾಂವ ಯಾವಾಗ್ಲೂ ಅಂವಾ. ನನಗ ಕೇಳಿ ರೂಢೀನ ಇಲ್ಲ. ನಿಮ್ಮ ಆಯಿ ಅಂತಾಳ, ಲಗ್ನ ಆದಾಗಿಂದ ಒಮ್ಮೆನೂ ಕೇಳಿಲ್ಲ ಅಂತ. ಸುಳ್ಳ. ಒಮ್ಮೆ ಕೇಳೀನಿ.

ಹಾಂ, ಕೊರೊನಾ. ಆ ಅಂಜಿಕಿ ಎಂಥಾದ್ದು ಅಂತ ಈಗ ಹೇಳಿದ್ರ ನಗ್ತೀರಿ. ಟಿವಿ ಹಚ್ಚಿದ್ರ ಸತ್ತಾವರ ಸುದ್ದಿ, ಬಂದ್ ಮಾಡಿದ್ರ ಫೋನಿನ್ಯಾಗೂ ಅದ ಸುದ್ದಿ. ಹಾಲಿನ ಪಾಕೀಟಿಗಿ ಸಬಕಾರ ಹಚ್ಚಿ ತೊಳೀತಿದ್ವಿ. ನಿಮ್ಮ ಆಯಿ ಒಂದಿನ ಕೊತ್ತಂಬ್ರಿನೂ ಸಬಕಾರ ನೀರಾಗ ಅದ್ದಿದ್ಲು, ಸಾರ ತುಂಬ ನೊರಿ! ನಗಬ್ಯಾಡ್ರಿ, ಅದನ್ನ ಉಂಡಾಂವ ನಾನ. ಯುಗಾದಿ ಹೋತು, ಬಸವ ಜಯಂತಿ ಹೋತು, ಪಂಚಮಿಗಿ ನಿಮ್ಮ ಅತ್ತಿ ತವರಮನಿಗಿ ಬರಲಿಲ್ಲ, ನೀವೆಲ್ಲಾ ಆವಾಗ ಬ್ಯಾರೆ ಊರಾಗ ಇದ್ರಿ, ಮಾಡಿದ ಉಂಡಿ ನಾನೂ ನಿಮ್ಮ ಆಯಿನೂ ಇಬ್ರ ಕುಂತ ತಿಂದ್ವಿ. ಅಂಥಾದ್ರಾಗ ಜಿನ್ನಪ್ಪನ ಕೆಮ್ಮ. ಮೂವತ್ತ ವರ್ಷ ಕೇಳಿದ ಕೆಮ್ಮು, ಖಾರದ ಕೆಮ್ಮು ಅಂತ ನನಗಲ್ದ ಇನ್ನ್ಯಾರಿಗಿ ಗೊತ್ತು? ಆದ್ರೂ ಅದು ಆ ವರ್ಷ ಬ್ಯಾರೇನ ಕೇಳಾಕತ್ತು. ಅಂವಾ ಅಲ್ಲೆ ಖೊಕ್ ಅಂದ್ರ ನಾ ಇಲ್ಲೆ ಬಾಯಿಗಿ ಟವೆಲ್ಲ ಹಿಡೀತಿದ್ನಿ.

ಒಂದಿನ ಸರಕಾರಿ ದವಾಖಾನಿ ಕಡಿಂದ ಗುಲಾಬಿ ಸೀರಿ ಆಶಾ ಬಾಯಿ ಬಂದ್ಲು, ಜಿಟಿಜಿಟಿ ಮಳ್ಯಾಗ ಛತ್ರಿ ಹಿಡಕೊಂಡ, ಪಾಪ. 'ಕಾಕಾ, ಮನ್ಯಾಗ ಯಾರಿಗರೆ ಜ್ವರ, ನೆಗಡಿ, ಕೆಮ್ಮ ಐತೇನ್ರಿ?' 'ನಮ್ಮ ಮನ್ಯಾಗ ಇಲ್ಲವಾ' ಅಂದ್ನಿ. ಅಲ್ಲಿಗಿ ಬಾಯಿ ಮುಚ್ಚಬೇಕಿತ್ತಿಲ್ಲೊ? ಮುಚ್ಚಲಿಲ್ಲ. ದನಿ ಸಣ್ಣ ಮಾಡಿ, 'ಎದರ ಮನಿ ಅಜ್ಜ ಬಾಳ ಕೆಮ್ಮಾಕತ್ತಾನ ನೋಡು. ನಾ ಹೇಳೀನಿ ಅಂತ ಹೇಳಬ್ಯಾಡ' ಅಂದ್ನಿ. ಆಕೀದೇನೂ ತಪ್ಪಿಲ್ಲ, ಆಕಿ ಕೆಲಸಾ ಆಕಿ ಮಾಡಿದ್ಲು. ಖಾರದ ಕೆಮ್ಮು ಅಂತ ಒಂದ ಮಾತ ಸೇರಿಸಿದ್ರ ಆಗ್ತಿತ್ತು, ನಾ ಸೇರಿಸಲಿಲ್ಲ.

ಮರದಿನ ಗಾಡಿ ಬಂತು. ವೊಂಯ್ ವೊಂಯ್ ಅಂತ ಓಣ್ಯಾಗ ತುಂಬ್ಕೊಂಡ ನಿಂತು. ಬಿಳಿ ಅಂಗಿ ಹಾಕ್ಕೊಂಡಾವ್ರು ಇಬ್ರು, ಮಾರಿ ಸುದ್ದಾ ಕಾಣೂದಿಲ್ಲ. ಓಣಿ ಬಾಗಲಾ ಎಲ್ಲಾ ದಡದಡ ಹಾಕ್ಕೊಂಡ್ವು. ಜಿನ್ನಪ್ಪ ಹೊರಗ ಬಂದ, ಕೈಯಾಗ ಒಂದ ಚೀಲಾ, ಹೆಗಲಿಗಿ ಟವೆಲ್ಲು. ಸೊಸೀನ್ನ ಹತ್ರ ಬಿಡಲಿಲ್ಲ, ಆಕಿ ಒಳಗಿಂದನ ಅಳಾಕತ್ತಿದ್ಲು. ಅಂವಾ ಗಾಡ್ಯಾಗ ಒಂದ ಕಾಲಿಟ್ಟ, ತಿರುಗಿ ಈ ಕಡೆ ನೋಡಿದ. ನಾ ಇಲ್ಲೇ ನಿಂತಿದ್ನಿ, ಇಲ್ಲೆ, ಈ ಸರಳ ಹಿಡಕೊಂಡ. ಕಿಡಕಿ ಹಾಕಿದ್ನಿ. ಮಳಿಗಾಳಿ ಬೀಸಾಕತ್ತಿತ್ತಲ್ಲ, ಅದಕ್ಕ ಹಾಕಿದ್ನಿ ಅಂತ ನಿಮ್ಮ ಆಯಿಗಿ ಹೇಳಿದ್ನಿ.

ನಿಮ್ಮ ಆಯಿ ನನ್ನ ಮಾರಿ ನೋಡಿದ್ಲು. 'ಯಾರ ಹೇಳಿರಬೇಕ್ರಿ?' ಅಂದ್ಲು. 'ನಾ ಯಾಕ ಹೇಳ್ಲಿ?' ಅಂದ್ನಿ. ಆಕಿ ನನ್ನ ಹೆಸರ ಎತ್ತೇ ಇರ್ಲಿಲ್ಲ! ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗಾತು. ಎರಡ ದಿನ ನನಗ ಬರೇ ರೊಟ್ಟಿ ಬಡದ ಹಾಕಿದ್ಲು.

ಪರೀಕ್ಷಾ ಮಾಡಿದ್ದು ಬಂತು, ಅವನಿಗಿ ಏನೂ ಇರಲಿಲ್ಲ. ಖಾರದ ಕೆಮ್ಮು. ಏಳೆಂಟ ದಿನಕ್ಕ ತಿರುಗಿ ಬಂದ, ಬಾಳ ಸೊರಗಿದ್ದ. ಯಾರೂ ಹೋಗಬಾರ್ದಂತ ಅವನ ಬಾಗಲಾಕ್ಕ ಬಿದಿರಿನ ಗಳ ಅಡ್ಡ ಕಟ್ಟಿದ್ರು, ಅದನ್ನ ಬಿಚ್ಚಿದ್ರೂ ಜನರ ತೆಲ್ಯಾಗಿಂದು ಬಿಚ್ಚಲಿಲ್ಲ. ಅವನ ಗಿರಣಿಗಿ ಯಾರೂ ಹೋಗವಲ್ರು, ಮೆಣಸಿನಕಾಯಿ ಹೊತ್ಕೊಂಡ ಮಚ್ಛೆಗಿ ಹೋಗ್ತಿದ್ರು. ಗಿರಣಿ ಸಪ್ಪಳಿಲ್ಲ, ಕೆಮ್ಮೂ ಇಲ್ಲ. ಅಂವಾ ಮ್ಯಾಲಿನ ಖೋಲಿ ಹಿಡದ್ಬಿಟ್ಟ, ಗ್ಯಾಲರ್ಯಾಗ ಕುರ್ಚಿ ಹಾಕ್ಕೊಂಡ ಕುಂದ್ರಾಂವ, ನಾ ಕಂಡ್ರ ಎದ್ದ ಒಳಗ ಹೋಗಾಂವ. ಮುಂಜಾನೆ ನನಗ ಎಚ್ಚರಾನ ಆಗವಲ್ದು. ಎಚ್ಚರಾದ್ರೂ ಏಳಾಕ ಮನಸ ಬರವಲ್ದು.

ಗಣಪ್ಪ ಬಂದ. ಬೆಳಗಾವಿ ಗಣಪ್ಪ ಅಂದ್ರ ಏನು, ಮೂರ ಊರಿಗಿ ಕೇಳೂವಷ್ಟ ಡೋಲ! ಆ ವರ್ಷ ಮನ್ಯಾಗಿನ ಸಣ್ಣ ಗಣಪ್ಪನ್ನ ಬಕೀಟಿನ್ಯಾಗ ಮುಳುಗಿಸಿ, ಇಬ್ರ ನಿಂತ ಸಣ್ಣ ದನಿಲೆ ಜೈಕಾರ ಹಾಕಿದ್ವಿ. ಆಮ್ಯಾಲ ಜೈನರ ಕ್ಷಮಾ ಕೇಳೂ ದಿವಸ ಬಂತು. ನಾ ಮುಂಜಾನಿಂದ ಕುರ್ಚಿ ಹಾಕ್ಕೊಂಡ ಕುಂತ್ನಿ. ಮಾಸ್ಕ ಹಾಕ್ಕೊಂಡರೆ ಬಂದಾನು, ದೂರಿಂದರೆ ಕೈ ಮುಗದಾನು ಅಂತ. ಹೊತ್ತ ಮುಳುಗಿತು, ಬರಲಿಲ್ಲ. ನಿಮ್ಮ ಆಯಿ ಆವಾಗ ಬಾಯಿ ಬಿಟ್ಲು, 'ಅಲ್ರೀ, ತಪ್ಪ ಮಾಡಿದಾವ್ರು ನೀವು, ಕ್ಷಮಾ ಕೇಳಾಕ ಅಂವಾ ಬರಬೇಕೇನು?' ಖರೇ ಹೇಳ್ತೀನಿ, ಆ ಮಾತ ಕೇಳೂತನಕಾ ನನಗ ಅದು ಹೊಳದೇ ಇರ್ಲಿಲ್ಲ.

ದಸರಾಕ್ಕ ಬನ್ನಿ ಕೊಟ್ಟ ಸರಿ ಮಾಡೂಣು ಅಂದ್ರ, ಆ ವರ್ಷ ಅಧಿಕ ಮಾಸ ಬ್ಯಾರೆ, ಹಬ್ಬ ಒಂದ ತಿಂಗಳ ಮುಂದ ಹೋತು. ಜಡ್ಡೂ ಲಗೂ ಹೋಗವಲ್ದು, ಹಬ್ಬಾನೂ ಲಗೂ ಬರವಲ್ದು. ನನಗ ಒಂದ ಅಂಜಿಕಿ ಹತ್ತಿತ್ತು. ಇಬ್ರಿಗೂ ವಯಸ್ಸಾಗಿತ್ತು, ಊರಾಗ ದಿನಾ ಒಬ್ಬೊಬ್ರು ಹೋಗಾಕತ್ತಿದ್ರು. ಈ ಬನ್ನಿ ತಪ್ಪಿದ್ರ ಮುಂದಿನ ಬನ್ನಿ ಯಾರ ಕಂಡಾರ? ಮಾತ ಬಿಟ್ಟಂಗನ ಹ್ವಾದ್ರ?

ಆಯ್ತು, ಹಬ್ಬದ ದಿನ ಸ್ಕೂಟರ್ ತಗೊಂಡ ನಾ ಒಬ್ಬನ ಹೋದ್ನಿ. ಹಿಂದ ಜಿನ್ನಪ್ಪಿಲ್ಲ, 'ಸಾವಕಾಶ ಹೊಡಿಯಲೇ' ಅನ್ನಾವ್ರಿಲ್ಲ. ಬೀಡಿ ಹೊಲದಾಗ ನನ್ನ ತಮ್ಮ ನಿಂತಿದ್ದ, ನಾ ಎತ್ತಿ ಆಡಿಸಿದ ತಮ್ಮ. ನಾ ಹತ್ರ ಹೋಗೂದ್ರಾಗ ಹಿಂದ ಸರದ. 'ಅಣ್ಣಾ, ಸಿಟ್ಟಾಗಬ್ಯಾಡ, ನೀ ಬೆಳಗಾವಿಯಿಂದ ಬಂದಿ. ಮನ್ಯಾಗ ಹಸಗೂಸ ಐತಿ, ಇಲ್ಲೆ ಗಿಡದ ಬುಡಕ ಕುಂದ್ರು' ಅಂದ. ರೊಟ್ಟಿ ಗಂಟ ಬದುವಿನ ಮ್ಯಾಲ ಇಟ್ಟ, ದೂರ ಹೋಗಿ ನಿಂತ. ನಾ ಒಬ್ಬನ ಕುಂತ ಉಂಡ್ನಿ. ಸಿಟ್ಟ ಬಂತೇನು? ಹೆಂಗ ಬರ್ಬೇಕು? ಮಾಡಿದ್ದುಣ್ಣೋ ಮಹಾರಾಯ. ಅಂವಾ ದೂರ ನಿಂತ್ರೂ ನಾ ಉಣ್ಣೂತನಕಾ ಅಲ್ಲೇ ನಿಂತ ಮಾತಾಡ್ಸಿದ, ನಾ ಹೊಂಟ ಮ್ಯಾಲೂ ಸ್ಕೂಟರ್ ಕಾಣೂತನಕಾ ಕೈ ಮಾಡಿದ. ನಾ ಜಿನ್ನಪ್ಪಗ ಅಷ್ಟೂ ಮಾಡಿರ್ಲಿಲ್ಲ. ಖಾನಾಪುರ ಬರೂತನಕಾ ಕಣ್ಣ ಒರಸ್ಕೋತನ ಗಾಡಿ ಹೊಡದ್ನಿ.

ಸಂಜಿಗಿ ಅವನ ಬಾಗಲಾಕ್ಕ ಹೋದ್ರ ಸೊಸಿ ಬಾಗಲಾ ತಗಿಲಿಲ್ಲ. 'ಕಾಕಾ, ಈ ವರ್ಷ ಬ್ಯಾಡ್ರಿ, ಕೈಗೆ ಕೈ ತಾಕೂದ ಬ್ಯಾಡ' ಅಂದ್ಲು. ಆಕಿ ಮಾತೂ ಖರೇ. ಮ್ಯಾಲ ನೋಡಿದ್ರ ಗ್ಯಾಲರ್ಯಾಗ ಅಂವಾ. ನನಗ ಏನ ತಿಳೀತೋ, ಹಿತ್ತಲಕ್ಕ ಓಡಿ ಹೋಗಿ ನುಗ್ಗಿಕಾಯಿ ಹರಿಯೂ ದೋಟಿ ತಂದ್ನಿ. ತುದಿಗಿ ಬನ್ನಿ ಕಟ್ಟಿ ಮ್ಯಾಲ ಹಿಡದ್ನಿ. ಉದ್ದನ ಗಳ, ತುದಿ ಓಲ್ಯಾಡಿ ಬನ್ನಿ ಹೋಗಿ ಅವನ ಟೊಪಿಗಿಗಿ ಬಡದ ಟೊಪಿಗಿ ಕೆಳಗ ಬಿತ್ತು! ಅಂವಾ ಎದ್ದ ನಿಂತ. ನಾ ಮಾಸ್ಕಿನೊಳಗಿಂದ ಸಣ್ಣಕ, 'ಜಿನ್ನಪ್ಪಾ, ಆಶಾ ಬಾಯಿಗಿ ನಾ ಹೇಳಿದ್ನೋ' ಅಂದ್ನಿ. ಅಂವಾ ಕಿವಿಗಿ ಕೈ ಹಚ್ಚಿದ, 'ಆಂ?' ಸ್ವಲ್ಪ ಜೋರ ಅಂದ್ನಿ. 'ಏನ? ಕೇಳವಲ್ದು!' ಈ ಮಂದಗಿವಿ ಮುದುಕನ ಮುಂದ ಗುಟ್ಟ ಹೇಳೂದ ಹೆಂಗ? ಮಾಸ್ಕ ಕೆಳಗ ಜಗ್ಗಿ ಒದರಿದ್ನಿ, 'ನಾನ ಹೇಳೀನೋ! ನಿನ್ನ ಕೆಮ್ಮಿನ ಸುದ್ದಿ ನಾನ ಹೇಳೀನಿ!' ಓಣಿ ಬಾಗಲಾ ಒಂದೊಂದ ತೆರದ್ವು. ಎಲ್ಲಾರೂ ಕೇಳಿದ್ರು. ನಿಮ್ಮ ಆಯಿ ಕಟ್ಟಿ ಮ್ಯಾಲ ನಿಂತ ಸೆರಗ ಬಾಯಿಗಿ ಹಿಡಕೊಂಡಿದ್ಲು.

ಜಿನ್ನಪ್ಪ ಗ್ಯಾಲರಿ ಕಟಾಂಜನ ಹಿಡಕೊಂಡ ಬಗ್ಗಿದ. 'ಅದು ನನಗ ಅವತ್ತ ಗೊತ್ತಾಗೈತಿ ಬಿಡಲೇ. ನನ್ನ ಕೆಮ್ಮ ನಿನ್ನಷ್ಟ ಇನ್ನ್ಯಾರ ಕೇಳ್ತಿದ್ರು? ಅಂಜಿದ್ದಿ, ಹೇಳಿದಿ. ನೀ ಕೆಮ್ಮಿದ್ರ ನಾನೂ ಹೇಳ್ತಿದ್ನೇನೋ. ಖರೆ ಬಸಣ್ಣಾ, ನಾ ಗಾಡಿ ಹತ್ತೂ ಮುಂದ ಇಡೀ ಓಣ್ಯಾಗ ನಿನ್ನ ಕಿಡಕಿ ಒಂದ ತೆರದಿತ್ತು. ತಿರುಗಿ ಬರ್ತೀನೋ ಇಲ್ಲೋ, ಒಮ್ಮೆ ನಿನ್ನ ಮಾರಿ ನೋಡ್ಕೊಂಡ ಹೋಗೂಣು ಅಂತ ನೋಡಿದ್ನಿ. ಅದನ್ನ ಯಾಕ ಹಾಕಿದಿ?'

ಮಳಿಗಾಳಿ ಅನ್ಲಿ? ನಾ ಕೆಳಗ ಓಣ್ಯಾಗ ನಿಂತ, ದೋಟಿ ಹಿಡದ ಕೈ ಮುಗ್ಯಾಕೂ ಬರವಲ್ದು, 'ತಪ್ಪಾತೋ ಜಿನ್ನಪ್ಪಾ, ಕ್ಷಮಾ ಮಾಡೋ' ಅಂತ ಒದರಿದ್ನಿ. ಇದು ಮಾತ್ರ ಒಮ್ಮೆಗೇ ಕೇಳಿತು ಅವನಿಗಿ. ಬನ್ನಿ ಬಿಚ್ಚಿದ, ಅರ್ಧಾ ಕಿಸೇದಾಗ ಇಟ್ಕೊಂಡ, ಅರ್ಧಾ ತಿರುಗಿ ದೋಟಿಗಿ ಕಟ್ಟಿದ. ಆಮ್ಯಾಲ ಹೋಗಿ ಕುರ್ಚಿ ಮ್ಯಾಲ ಕುಂತ, ಕಾಲಮ್ಯಾಲ ಕಾಲ ಹಾಕ್ಕೊಂಡ, ರಾಜಾ ಇದ್ದಂಗ, 'ಮಾಡೀನಿ ಹೋಗು, ಚಾ ಕುಡಿ' ಅಂದ. ಚಾ ಅಂತೂ ಬರಲಿಲ್ಲ, ಸೊಸಿ ಆವಾಗ ಯಾರಿಗೂ ಕಪ್ಪ ಮುಟ್ಟಾಕ ಕೊಡ್ತಿದ್ದಿಲ್ಲ. ಮರದಿನ ನಿಮ್ಮ ಆಯಿ ಮೆಣಸಿನಕಾಯಿ ಚೀಲಾ ಹೊರಿಸಿ ನನ್ನ ಅವನ ಗಿರಣಿಗಿ ಕಳಿಸಿದ್ಲು, ಓಣಿಗಿ ಕಾಣೂಹಂಗ ನಡುಮಧ್ಯಾಹ್ನ. ಒಬ್ಬೊಬ್ರ ಹಿಂದಿಂದ ಬಂದ್ರು.

ತಡೀರಿ, ಕೇಳ್ರಿ... ಕೇಳಿತಿಲ್ಲೊ? ಖೊಕ್ ಖೊಕ್. ಜಿನ್ನಪ್ಪ. ಮಾತ ಕೇಳೂದಿಲ್ಲ, ಇನ್ನೂ ಗಿರಣ್ಯಾಗ ಹೋಗಿ ಕುಂದರ್ತಾನ. ಕಿಡಕಿ ಹಾಕಿದ್ರ ನನಗ ಇದು ಹೆಂಗ ಕೇಳಬೇಕು? ಅದಕ್ಕ ಹೇಳಿದ್ದು ಚಿನ್ನವ್ವಾ, ಜಡ್ಡ ಬಂದ್ರ ಬಾಗಲಾ ಹಾಕ್ರಿ, ನಾ ಬ್ಯಾಡ ಅನ್ನೂದಿಲ್ಲ. ಕಿಡಕಿ ಮಾತ್ರ ಹಾಕಬ್ಯಾಡ್ರಿ.