ಬೋರ್ಡಿನ ಮೂಲೆಯ ಹೆಸರು

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅಧಿಕಾರಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಶಂಶುನ್ನೀಸಾ ಟೀಚರೇ, ಕೆಲಸ ಬಿಟ್ಟು ಬಂದು ಕೂತಿರುವ ತಾಯಂದಿರೇ, ಸಭಿಕರೇ,

ಹಾರ ಹಾಕುವ ಮೊದಲು ಒಂದಿಷ್ಟು ಸತ್ಯ. ಮನೆಮಾತಿನ ಆಸರೆಯಲ್ಲಿ ಇಂಗ್ಲಿಷ್ ಕಲಿಸುವ ಟೀಚರ ತರಗತಿಯನ್ನು ಮುಂದುವರಿಸುತ್ತೇವೆ ಅಂದರು ಅಧಿಕಾರಿಗಳು; ನಿಲ್ಲಿಸಿದರು. ಅದಕ್ಕೆ ಇನ್ನೊಬ್ಬ ಶಿಕ್ಷಕರನ್ನು ಕೊಡುತ್ತೇವೆ ಅಂದರು, ಕೊಡಲಿಲ್ಲ. ಮನೆಮಾತಿಗಾಗಿ ಯಾವ ಮಗುವಿಗೂ ಶಿಕ್ಷೆ ಇಲ್ಲ ಅಂದರು. ಟೀಚರ್ ನಿವೃತ್ತಿಗೆ ಮುಂಚಿನ ರಜೆ ಹಾಕಿದ ಮಾರನೆಯ ದಿನದಿಂದ, ಇಂಗ್ಲಿಷ್ ಪೀರಿಯಡ್ ಬಂತೆಂದರೆ ಆರನೇ ತರಗತಿಯ ಸಿದ್ರಾ ಬಾಗಿಲ ಹೊರಗೆ. ಹನ್ನೊಂದು ದಿನವಾಯಿತು. ಅಪರಾಧ? ಪಕ್ಕದವಳ ಹತ್ತಿರ ತನ್ನ ಮನೆಮಾತಾದ ದಖನಿ ಉರ್ದುವಿನಲ್ಲಿ ರಬ್ಬರ್ ಕೇಳಿದ್ದು. ಇನ್ನು ಶಾಲೆಗೇ ಹೋಗುವುದಿಲ್ಲ ಎಂದು ನಿನ್ನೆ ಹುಡುಗಿ ಬ್ಯಾಗನ್ನು ಅಟ್ಟಕ್ಕೆ ಎಸೆದಿದ್ದಾಳೆ.

ಅವಳ ತಾಯಿ ಬಿಲ್ಕೀಸ್ ಅಲ್ಲಿ ಮೂರನೇ ಸಾಲಿನಲ್ಲಿದ್ದಾಳೆ. ಶಿವಾಜಿನಗರದ ಇದೇ ಶಾಲೆಯ ಇದೇ ಆರನೇ ತರಗತಿಯಲ್ಲಿ ನನ್ನ ಜೊತೆ ಓದಿದವಳು.

ನಾನು ಕಾವೇರಿ. ಇಂದು ಪೋಷಕರ ಸಂಘದ ಪರವಾಗಿ ಮೈಕು ಹಿಡಿದಿದ್ದೇನೆ. ಅಂದು ಚಾಕ್‌ಪೀಸ್ ಹಿಡಿದಿದ್ದೆ. ಕ್ಲಾಸ್ ಮಾನಿಟರ್! ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಬೇಕು, ಬರೆಸಿಕೊಂಡವರು ಹೊರಗೆ ನಿಲ್ಲಬೇಕು. ಆ ಪದವಿ ನನಗೇಕೆ ಸಿಕ್ಕಿತು? ಇಂಗ್ಲಿಷ್ ಬರುತ್ತಿತ್ತೆಂದೇ? ಅಲ್ಲ, ನಾನು ಬಾಯಿಯನ್ನೇ ಬಿಡುತ್ತಿರಲಿಲ್ಲ. ಅಪ್ಪ ಬಸಣ್ಣ, ಅವ್ವ ಸಾಬಮ್ಮ ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರು. ನಾನು ‘ಹೌದ್ರಿ’ ಅಂದರೆ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು. ಚಾಕ್‌ಪೀಸ್ ಕೈಗೆ ಬಂತು, ನಗು ನಿಂತಿತು.

ಆಗ ಬಂದರು ಶಂಶುನ್ನೀಸಾ ಟೀಚರ್. ಮೊದಲ ದಿನವೇ ಬೋರ್ಡ್ ನೋಡಿದರು. ಮೂಲೆಯಲ್ಲಿ ಒಂದೇ ಹೆಸರು, ಬಿಲ್ಕೀಸ್. ಅವಳು ಆಗಲೇ ಹೊರಗೆ ನಿಂತಿದ್ದಳು.

“ಯಾರು ಬರ್ದಿದ್ದು?”

“ನಾ ಬರ್ದೀನ್ರಿ ಟೀಚರ್.”

“ಇದು ಇಂಗ್ಲಿಷಾಮ್ಮ? ಹಾಗಾದ್ರೆ ನಿನ್ ಹೆಸ್ರೂ ಬರಿ.”

ಬರೆದೆ. ಅವರು ಚಾಕ್‌ಪೀಸ್ ತೆಗೆದುಕೊಂಡು, “ನಾನೂ ಕನ್ನಡದಲ್ಲೇ ಕೇಳಿದ್ನಲ್ವಾ” ಎಂದು ನನ್ನ ಹೆಸರಿನ ಕೆಳಗೆ ತಮ್ಮದನ್ನು ಬರೆದರು. ಹಲಸೂರಿನ ತಮಿಳು ಹುಡುಗರಿಗೆ ಇಷ್ಟು ಸಾಕಾಯಿತು, ನಮ್ಮದೂ ಬರೀರಿ ಎಂದು ಎದ್ದರು. ಬೋರ್ಡು ತುಂಬಿತು, ಕೋಣೆ ಖಾಲಿಯಾಯಿತು. ನಿಯಮ ಅಂದರೆ ನಿಯಮ ತಾನೆ? ಮಕ್ಕಳೂ ಹೊರಗೆ, ಟೀಚರೂ ಹೊರಗೆ!

ವರಾಂಡದಲ್ಲೇ ಪಾಠ. “ಮನೇಲಿ ಯಾವ ಭಾಷೇಲಿ ಜಗಳ ಆಡ್ತೀರೋ, ಮೊದ್ಲು ಅದ್ರಲ್ಲಿ ಹೇಳಿ. ಆಮೇಲೆ ಇಂಗ್ಲಿಷ್” ಅಂದರು. ಬಿಲ್ಕೀಸ್ ಬೀದಿ ನಲ್ಲಿಯ ನೀರಿನ ಜಗಳವನ್ನು ದಖನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು: “ವಾಟರ್ ಕಮ್. ಮೈ ಮದರ್ ರನ್. ಬಕೆಟ್ ಬ್ರೋಕನ್. ಮೈ ಮದರ್ ನಾಟ್ ಬ್ರೋಕನ್.”

ಬಾಗಿಲ ಹೊರಗೇ ಇದ್ದವಳ ಮೊದಲ ಇಂಗ್ಲಿಷ್, ಸಭಿಕರೇ! ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ಮನೆಮಾತು ಇಂಗ್ಲಿಷಿಗೆ ಅಡ್ಡ ಬರುತ್ತದೆ ಅನ್ನುತ್ತೀರಿ. ಬರುತ್ತದೆ ಸ್ವಾಮಿ, ಯಾರು ಇಲ್ಲ ಅಂದರು? ಕ್ರಿಯಾಪದ ಎಡವುತ್ತದೆ, ಉಚ್ಚಾರ ಎಳೆಯುತ್ತದೆ. ಅದನ್ನು ಟೀಚರ್ ವರ್ಷದೊಳಗೆ ತಿದ್ದಿದರು. ಆದರೆ ಆ ಓಟ, ಆ ಬಕೆಟ್ಟು, ಮುರಿಯದ ಆ ತಾಯಿ, ಇವೆಲ್ಲ ಯಾವ ಮಾತಿನಿಂದ ಬಂದವು? ಬಾಯಿಯನ್ನೇ ಹೊಲಿದ ಮೇಲೆ ತಿದ್ದುವುದೇನನ್ನು?

ಟೀಚರ್, ನಿಮ್ಮನ್ನು ಹೊಗಳಲು ಬಂದವಳು ನನ್ನದೇ ಹೇಳುತ್ತಿದ್ದೇನೆ. ಇನ್ನೊಂದು ಬಾಕಿ ಇದೆ. ಬಿಲ್ಕೀಸ್, ಆ ದಿನ ನೀನು ಬಾಯಿ ಬಿಟ್ಟಿರಲಿಲ್ಲ. ಐದನೇ ತರಗತಿಯಲ್ಲಿ ನನ್ನ ‘ಹೌದ್ರಿ’ಗೆ ನೀನೂ ನಕ್ಕಿದ್ದೆ ನೋಡು, ಆ ಸೇಡಿಗೆ ಬರೆದೆ. ಅಂದೊಂದೇ ದಿನವಲ್ಲ, ಎಷ್ಟೋ ದಿನ. ಇಪ್ಪತ್ತನಾಲ್ಕು ವರ್ಷ ಇದನ್ನು ನುಂಗಿಕೊಂಡಿದ್ದೆ.

ಅಧಿಕಾರಿಗಳೇ, ಈಗ ಬೋರ್ಡಿನ ಮೂಲೆಯಲ್ಲಿ ಸಿದ್ರಾಳ ಹೆಸರು ಬರೆಯುತ್ತಿರುವುದೂ ಒಂದು ಮಗುವೇ. ಹೊರಗೆ ನಿಂತವಳಿಗೆ ಮಾತ್ರ ಶಿಕ್ಷೆ ಅಂದುಕೊಂಡಿರಾ?

ಸಿದ್ರಾ, ಬ್ಯಾಗು ಇಳಿಸಮ್ಮ. ಇನ್ನು ನೀನೊಬ್ಬಳೇ ನಿಲ್ಲುವುದಿಲ್ಲ. ಟೀಚರೂ ಬರುತ್ತಾರಂತೆ; ನಾಳೆಯಿಂದ ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ! ಮನೆಮಾತು ಅಂತ ಒಂದು ಇರುವ ಎಲ್ಲರೂ ಬನ್ನಿ. ಮೂಲೆಯಲ್ಲಿ ಮೊದಲ ಹೆಸರು ನನ್ನದೇ ಇರಲಿ, ಈ ಸಲ ನಿಜವಾಗಿ ಬರೆಯುತ್ತೇನೆ.

ನನ್ನ ತಪ್ಪನ್ನೂ ಕೂತು ಕೇಳಿದಿರಿ, ನಿಮಗೆ ಋಣಿ. ಟೀಚರ್, ನಿಮ್ಮ ಚಾಕ್‌ಪೀಸಿನ ಕೈಗೆ ನಮಸ್ಕಾರ. ಎಲ್ಲರಿಗೂ ನಮಸ್ಕಾರ. ಸೋಮವಾರ ಬೆಳಿಗ್ಗೆ ಹತ್ತು ಗಂಟೆ, ಆರನೇ ತರಗತಿಯ ಬಾಗಿಲ ಹೊರಗೆ.